ನಿಂತೈತಾ ಎಂಬ ಪ್ರಶ್ನೆ ಮತ್ತು ಎರಡು ಮೀನು

ನನ್ನ ನೌಕರಿಯ ಬಹುಪಾಲು ಒಂದೇ ಪ್ರಶ್ನೆ ಕೇಳುವುದರಲ್ಲಿ ಕಳೆಯಿತು: "ನಿಂತೈತಾ?"

ಸರ್ಕಾರಿ ದನದ ಆಸ್ಪತ್ರೆಯಲ್ಲಿ ಡಾಕ್ಟರ ಕೈಕೆಳಗಿನ ಸಹಾಯಕ ನಾನು. ಬೆದೆಗೆ ಬಂದ ಹಸುಗಳಿಗೆ ಸೀಮೆ ಹೋರಿಯ ಬೀಜ ಕೊಡುವುದು ಮುಖ್ಯ ಕೆಲಸ. ಬೀಜವಿಟ್ಟ ಥರ್ಮಾಸ್ ಫ್ಲಾಸ್ಕನ್ನು ಸೈಕಲ್ಲಿನ ಹ್ಯಾಂಡಲಿಗೆ ನೇತುಹಾಕಿಕೊಂಡು ಊರೂರು ತಿರುಗುತ್ತಿದ್ದೆ. ಬೀಜ ಕೊಡುವುದನ್ನು ಜನ ಸೂಜಿ ಹಾಕುವುದು ಎನ್ನುತ್ತಿದ್ದರು, ನನಗೆ ಸೂಜಿ ಸಾಹೇಬ ಎಂದು ಹೆಸರಿಟ್ಟಿದ್ದರು. ಒಮ್ಮೆ ಕೊಟ್ಟು ಬಂದ ಮೇಲೆ ಆ ದಾರಿಯಲ್ಲಿ ಹೋದಾಗಲೆಲ್ಲ ಹಸುವಿನ ಯಜಮಾನನನ್ನು ಕಂಡು ವಿಚಾರಿಸಬೇಕು. ಗಬ್ಬ ನಿಂತಿದ್ದರೆ ಅವನು ಚಹಾ ಕುಡಿಸುತ್ತಿದ್ದ. ನಿಲ್ಲದಿದ್ದರೆ ನನ್ನ ಮುಖವನ್ನೂ ಫ್ಲಾಸ್ಕನ್ನೂ ಒಂದೇ ಥರ ನೋಡುತ್ತಿದ್ದ.

ಊರವರನ್ನೆಲ್ಲ ಸಲೀಸಾಗಿ ಕೇಳುತ್ತಿದ್ದ ಈ ಪ್ರಶ್ನೆಯನ್ನು ಮನೆಯಲ್ಲಿ ಮಾತ್ರ ಕೇಳಲಾಗಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ಜಗಳೂರಿನಲ್ಲಿದ್ದಾಗ ನನ್ನ ಹೆಂಡತಿಗೆ ಎರಡು ಸಲ ಬಸಿರು ನಿಂತಂತೆ ಮಾಡಿ ಹೋಯಿತು. ಎರಡು ಸಲವೂ ನಾಲ್ಕನೆಯ ತಿಂಗಳಿನಲ್ಲಿ. ಊರಿನ ಬಾಯಿ ಕೇಳಬೇಕೆ? "ತಾಲ್ಲೂಕಿನ ಹಸಕ್ಕೆಲ್ಲ ಕರ ಕೊಡಿಸಿದ ಸಾಹೇಬ್ರು, ಮನೆಯಾಗೆ ಯಾಕ್ರಿ ಕೈಕಟ್ಟಿ ಕುಂತೀರಿ?" ಎಂದು ಚಹಾದಂಗಡಿಯಲ್ಲಿ ಒಬ್ಬರು ಕೇಳಿದರು. ನಾನೂ ಎಲ್ಲರೊಡನೆ ನಕ್ಕೆ. ನನ್ನ ಸ್ವಭಾವವೇ ಹಾಗೆ. ಮೊದಲು ನಗುತ್ತೇನೆ, ಆಮೇಲೆ ವಾರಗಟ್ಟಲೆ ಅದನ್ನೇ ಮೆಲುಕು ಹಾಕುತ್ತೇನೆ. ಬೀಗ ಹಾಕಿ ಬಸ್‌ಸ್ಟ್ಯಾಂಡಿನವರೆಗೆ ಹೋದವನು ಬೀಗ ಜಗ್ಗಿ ನೋಡಲು ವಾಪಸು ಬರುವ ಜಾತಿ ನನ್ನದು. ಯಾರದೋ ಅಂಗಳದಲ್ಲಿ ಒಣಹಾಕಿದ ಬಟ್ಟೆ ಕಂಡರೆ, ಮೋಡ ನೋಡಿ ನಾನು ಚಿಂತೆ ಮಾಡುತ್ತೇನೆ.

ಹೊನ್ನಾಳಿಗೆ ವರ್ಗವಾಗಿ ಬಂದ ಮೇಲೆ ಮೂರನೆಯ ಸಲ ಬಸಿರಾದಳು. ಲೇಡಿ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು, ಐದು ತುಂಬುವ ತನಕ ಹಾಸಿಗೆ ಬಿಟ್ಟು ಏಳುವ ಹಾಗಿಲ್ಲ. ಕಾಲು ಮೇಲಿರುವಂತೆ ಮಂಚದ ಒಂದು ಬದಿಗೆ ಇಟ್ಟಿಗೆ ಕೊಡಿ. ನಾನು ಬೇಕಾದ್ದಕ್ಕಿಂತ ಹೆಚ್ಚು ಇಟ್ಟಿಗೆ ತಂದೆ. ಗೋವಿನಕೋವಿಯಿಂದ ಅತ್ತೆ ಬಂದರು. ಜೊತೆಗೆ ಎರಡು ಹ್ಯಾಟೆ ಕೋಳಿ, ಒಂದು ಹುಂಜವನ್ನೂ ತಂದರು. ತಾವಿಲ್ಲದಿದ್ದರೆ ಅವು ಮೊಟ್ಟೆ ಎಲ್ಲೆಂದರಲ್ಲಿ ಇಡುತ್ತವಂತೆ.

ಮೀನು ಬಂದದ್ದು ಆಗ. ಜಗಳೂರಿನಲ್ಲಿ ನನ್ನ ಮೇಲಧಿಕಾರಿಯಾಗಿದ್ದ ಡಾಕ್ಟರು ಚನ್ನಗಿರಿಯಲ್ಲಿದ್ದರು. ಮೈಸೂರು ಕಡೆಯವರು, ಒಂಟಿ ಜೀವ. ಮನೆ ತುಂಬ ಗಾಜಿನ ತೊಟ್ಟಿಗಳನ್ನಿಟ್ಟುಕೊಂಡು ಮೀನು ಸಾಕುತ್ತಿದ್ದರು. ಅವರಿಗೆ ದೂರದೂರಿಗೆ ವರ್ಗವಾಗಿತ್ತು. ಬೀಳ್ಕೊಡಲು ಹೋದ ನನ್ನ ಕೈಗೆ ಒಂದು ತೊಟ್ಟಿ, ಎರಡು ಮೀನು ಕೊಟ್ಟರು.

"ನಿನ್ನ ಹೆಂಡತಿ ಮಲಗಿ ಮಲಗಿ ಸೂರಿನ ಹೆಂಚು ಎಣಿಸ್ತಾ ಇರ್ತಾಳೆ ಕಣಯ್ಯ. ಇದನ್ನ ಅವಳ ಮುಂದೆ ಇಡು."

"ಗಂಡೆಷ್ಟು ಹೆಣ್ಣೆಷ್ಟು ಸಾರ್?" ಎಂದೆ. ನಮ್ಮ ಇಲಾಖೆಯವರಿಗೆ ಮೊದಲು ಬಾಯಿಗೆ ಬರುವುದೇ ಅದು.

"ಅದೇ ಗೊತ್ತಾಗ್ತಿಲ್ಲ. ಸಿಕ್ಲಿಡ್ ಅಂತಾರೆ ಈ ಜಾತಿಗೆ. ನಮ್ಮ ಕೆರೆಗಳಲ್ಲಿರೋ ಜಿಲೇಬಿ ಮೀನಿನ ದೂರದ ನೆಂಟರು. ಇವು ಎರಡು ಬೇರೆ ತಳಿ ಸೇರಿ ಹುಟ್ಟಿದ ಹೈಬ್ರಿಡ್ಡು. ಒಂದು ತಳಿಯಲ್ಲಿ ನೋಡೋ ಗುರುತು ಇನ್ನೊಂದು ತಳಿಯಲ್ಲಿ ಉಲ್ಟಾ. ಇವುಗಳಲ್ಲಿ ಎಲ್ಲ ಕಲಸುಮೇಲೋಗರ ಆಗಿದೆ. ಮೊಟ್ಟೆ ಇಡೋ ಹೊತ್ತಿಗೆ ಹೊಟ್ಟೆ ಕೆಳಗೆ ಒಂದು ಸಣ್ಣ ನಳಿಗೆ ಹೊರಗೆ ಬರುತ್ತೆ. ಚೂಪಾಗಿದ್ರೆ ಗಂಡು, ಮೊಂಡಾಗಿದ್ರೆ ಹೆಣ್ಣು. ನಂಬೋದಾದ್ರೆ ಅದೊಂದನ್ನೇ ನಂಬು." ಅಷ್ಟು ಹೇಳಿ ಮತ್ತೊಂದು ಮಾತು ಸೇರಿಸಿದರು. "ಜೋಡಿಯಾದ್ರೆ ಬೇರೆ ಮಾಡಬೇಡ. ಎರಡೂ ಗಂಡಾದ್ರೆ ಬೇರೆ ಮಾಡ್ಲೇಬೇಕು. ಇಲ್ದಿದ್ರೆ ದೊಡ್ಡದು ಚಿಕ್ಕದನ್ನ ಕೊಂದುಹಾಕುತ್ತೆ."

ಕೊನೆಯ ಮಾತೊಂದೇ ನನ್ನ ತಲೆಯಲ್ಲಿ ಉಳಿಯಿತು. ಹೊನ್ನಾಳಿಯ ಬಸ್ಸಿನಲ್ಲಿ ಗೋಣಿ ಸುತ್ತಿದ ತೊಟ್ಟಿ ತೊಡೆಯ ಮೇಲೆ, ಮೀನಿದ್ದ ಹಾಲಿನ ಕ್ಯಾನು ಕಾಲ ಸಂದಿಯಲ್ಲಿ. ಕಂಡಕ್ಟರು ಬಗ್ಗಿ ನೋಡಿದ.

"ಏನ್ರೀ ಕ್ಯಾನ್ನಾಗೆ?"

"ಮೀನು."

"ಸಾರಿಗಾ?"

"ಅಲ್ಲಪ್ಪ, ನೋಡಾಕೆ."

"ನೋಡಾಕಂತೆ!" ಎಂದು ಅವನು ಇಡೀ ಬಸ್ಸಿಗೆ ಸಾರಿದ. ಇಳಿಯುವವರೆಗೂ ಹಿಂದಿನ ಸೀಟಿನವರು ಸರದಿಯ ಮೇಲೆ ಬಂದು ಕ್ಯಾನಿನೊಳಗೆ ಇಣುಕಿ ಹೋದರು.

ಉಳಿದಿದ್ದ ಇಟ್ಟಿಗೆಗಳ ಮೇಲೆ ಕಡಪಾ ಕಲ್ಲು ಹಾಕಿ, ಅದರ ಮೇಲೆ ತೊಟ್ಟಿ ಇಟ್ಟೆ, ಮಂಚದ ಪಕ್ಕಕ್ಕೆ, ಹೆಂಡತಿಯ ಮುಖದ ಮಟ್ಟಕ್ಕೆ. ತಳಕ್ಕೆ ಹೊಳೆಯ ಸಣ್ಣ ಕಲ್ಲು, ಒಂದು ಮೂಲೆಗೆ ಒಡೆದ ಹೂಕುಂಡದ ಅರ್ಧ. ನೀರಿಗೆ ಗಾಳಿ ಊದುವ ಕರೆಂಟಿನ ಪಂಪೊಂದಿತ್ತು. ಕರೆಂಟು ಹೋದಾಗಲೆಲ್ಲ ಅದು ನಿಲ್ಲುತ್ತಿತ್ತು. ಆಗ ಅತ್ತೆ ಅಡಿಗೆಮನೆಯಿಂದಲೇ "ನಿಂತೈತೆ ನೋಡ್ರಿ!" ಎಂದು ಕೂಗುವರು. ನಾನು ಎದ್ದುಬಿದ್ದು ಓಡಿ, ಚೊಂಬಿನಲ್ಲಿ ನೀರು ಮೊಗೆದು ಎತ್ತರದಿಂದ ಅದೇ ತೊಟ್ಟಿಗೆ ಸುರಿಯುತ್ತ ಕೂರುವೆ. ಗಾಳಿ ಬೆರೆಯಲಿ ಎಂದು. ನಾನು ಮನೆಯಲ್ಲಿಲ್ಲದಾಗ ಅತ್ತೆಯೇ ಸುರಿಯುತ್ತಿದ್ದರು. "ಮೀನಿಗೂ ಅಭಿಷೇಕ ಮಾಡಾ ಹಂಗಾತಲ್ಲಪ್ಪ ನನ್ನ ಬಾಳು" ಎನ್ನುವರು, ಆದರೆ ಒಂದು ಸಲವೂ ತಪ್ಪಿಸಿದವರಲ್ಲ.

ದೊಡ್ಡ ಮೀನು ಬೂದುಬಣ್ಣದ್ದು, ಮೈಮೇಲೆ ಕಪ್ಪು ಪಟ್ಟೆ. ಹಣೆಯ ಮೇಲೆ ದಪ್ಪನೆಯ ಉಬ್ಬು. ಚಿಕ್ಕದಕ್ಕೂ ಪಟ್ಟೆಗಳಿದ್ದವು, ಆದರೆ ಹೊಟ್ಟೆಯ ಬದಿಗೆ ಕಿತ್ತಳೆ ಬಣ್ಣ ಬಂಗಾರದ ರೇಕು ಅಂಟಿಸಿದಂತೆ ಹೊಳೆಯುತ್ತಿತ್ತು. ಹೆಂಡತಿಗೆ ಮೊದಲ ದಿನವೇ ಅವು ಮನೆಯವರಾಗಿಬಿಟ್ಟವು. ನಾನು ಮನೆಗೆ ಬಂದರೆ ಯಾರು ಏನು ತಿಂದರು, ಯಾರು ಯಾರನ್ನು ಅಟ್ಟಿಸಿಕೊಂಡು ಹೋದರು ಎಂಬ ವರದಿ. ಮಂಡಕ್ಕಿ ಹಾಕಿದರೆ ದೊಡ್ಡದು ಮೂಸಿ ಬಿಡುತ್ತದೆ, ಚಿಕ್ಕದು ನುಂಗಿ ಉಗುಳಿ ಮತ್ತೆ ನುಂಗುತ್ತದೆ. ಎಷ್ಟೋ ತಿಂಗಳ ಮೇಲೆ ಅವಳು ನಗುವುದನ್ನು ಕೇಳಿದೆ.

ನನಗೆ ಮಾತ್ರ ನಿದ್ದೆ ಹಾರಿಹೋಯಿತು. ಎರಡೂ ಬಾಯಿಗೆ ಬಾಯಿ ಕಚ್ಚಿಕೊಂಡು ಎಳೆದಾಡುತ್ತಿದ್ದವು.

"ಮುತ್ತು ಕೊಡ್ತಾವೋ, ಬಡಿದಾಡ್ತಾವೋ?" ಅತ್ತೆಯ ಅನುಮಾನ.

"ನಿನ್ನ ಅಳಿಯನ್ನ ಕೇಳವ್ವ. ಸೂಜಿ ಸಾಹೇಬ್ರಲ್ವಾ" ಎಂದಳು ಹೆಂಡತಿ.

ಒಂದು ದಿನ ಚಿಕ್ಕದರ ರೆಕ್ಕೆ ಹರಿದಿತ್ತು. ಮೀನು ಸತ್ತರೆ ಸಾಯಲಿ ಎನ್ನುವ ಸ್ಥಿತಿಯಲ್ಲಿರಲಿಲ್ಲ ನಾನು. ನಾಲ್ಕನೆಯ ತಿಂಗಳು ನಡೆಯುತ್ತಿತ್ತು. ಅವಳ ಕಣ್ಣೆದುರಿಗೆ ಒಂದು ಜೀವ ನೀರಿನ ಮೇಲೆ ತೇಲಿದರೆ ಅವಳ ಮನಸ್ಸು ಏನೆಂದುಕೊಂಡೀತು, ಆ ಮನಸ್ಸು ಹೊಟ್ಟೆಗೆ ಏನು ಹೇಳೀತು? ಎರಡೂ ಗಂಡೋ, ಅಥವಾ ಜೋಡಿಯೋ, ಇವತ್ತೇ ತೀರ್ಮಾನವಾಗಬೇಕಿತ್ತು.

ಅಂದು ಹಸುವಿನ ವಿಚಾರಕ್ಕೆ ಸಾಸ್ವೆಹಳ್ಳಿಯ ರೈತರೊಬ್ಬರು ಮನೆಗೆ ಬಂದಿದ್ದರು. ಹೋರಿ ಕಟ್ಟುವುದರಲ್ಲಿ ಸುತ್ತಲ ಊರಿಗೆಲ್ಲ ಹೆಸರಾದವರು. ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ದೊಡ್ಡದನ್ನು ನೋಡಿದರು. ನಾನು ಏನೂ ಕೇಳುವ ಮೊದಲೇ ತೀರ್ಪು ಬಂತು.

"ಇದು ಗಂಡು ಬಿಡ್ರಿ. ಹಿಣಿಲು ನೋಡ್ರಿ ಹೆಂಗೈತೆ! ಹೋರಿಗೆ ಬೆನ್ನ ಮ್ಯಾಲೆ ಬರಾದು ಇದಕ್ಕೆ ಹಣೆ ಮ್ಯಾಲೆ ಬಂದೈತೆ. ಆಕಳಿಗೆ ಎಲ್ಲಾರ ಇಷ್ಟು ಹಿಣಿಲು ಕಂಡೀರೇನು?"

"ಹಂಗಾರೆ ಚಿಕ್ಕದು ಹೆಣ್ಣು ಅಂತೀರಾ?" ಎಂದೆ ಆಸೆಯಿಂದ.

ಒಳಗಿನಿಂದ ಅತ್ತೆ ಸೆರಗು ಸರಿಮಾಡಿಕೊಂಡು ಬಂದರು. "ಅದೆಂಗೆ ಹೆಣ್ಣಾಗ್ತೈತ್ರಿ? ನಮ್ಮ ಹುಂಜ ನೋಡ್ರಿ, ನವಿಲು ನೋಡ್ರಿ. ಬಣ್ಣ ಇರಾದು ಗಂಡಿಗೆ. ಹ್ಯಾಟೆ ಯಾವತ್ತಾರ ಬಂಗಾರದ ಪುಕ್ಕ ಹೊತ್ಕಂಡು ತಿರುಗೈತಾ?"

ರೈತರು ತಲೆ ಕೆರೆದುಕೊಂಡರು. "ಅದೂ ಖರೆ ಐತೆ ಬಿಡವ್ವ."

ಹೋರಿ ಲೆಕ್ಕದಲ್ಲಿ ದೊಡ್ಡದು ಗಂಡು. ಹುಂಜದ ಲೆಕ್ಕದಲ್ಲಿ ಚಿಕ್ಕದು ಗಂಡು. ಇಬ್ಬರ ಮಾತಿಗೂ ಬೆಲೆ ಕೊಟ್ಟರೆ ಎರಡೂ ಗಂಡು. ಹುಟ್ಟಿದಂದಿನಿಂದ ದನ, ಕೋಳಿಗಳ ನಡುವೆಯೇ ಬೆಳೆದ ನಮ್ಮಂಥವರಿಗಲ್ಲದೆ ಇಂಥ ತರ್ಕ ಇನ್ಯಾರಿಗೆ ಹೊಳೆದೀತು? ನಾನಂತೂ ತಕ್ಷಣ ಒಪ್ಪಿಬಿಟ್ಟೆ. ಕೆಟ್ಟ ಸುದ್ದಿಯನ್ನು ಬಹಳ ಬೇಗ ನಂಬುವವನು ನಾನು. ಚಿಕ್ಕ ಮೀನನ್ನು ಹಿಡಿದು ಅಡಿಗೆಮನೆಯ ಮಣ್ಣಿನ ಬಾನಿಗೆ ಬಿಟ್ಟೆ. ರೈತರು ಹೋಗುವಾಗ ನನ್ನ ಬೆನ್ನು ತಟ್ಟಿದರು. "ಹೊಸಾ ಹೋರಿ ಎರಡು ಒಂದೇ ಗೂಟಕ್ಕೆ ಕಟ್ಟಾಕೆ ಹೋಗಬ್ಯಾಡ್ರಿ ಸಾಹೇಬ್ರೆ."

ಮರುದಿನ ಹೆಂಡತಿಯ ತಟ್ಟೆಯಲ್ಲಿ ಮುದ್ದೆ ಹಾಗೆಯೇ ಉಳಿಯಿತು. ತೊಟ್ಟಿಯ ದೊಡ್ಡ ಮೀನು ಎರೆಹುಳವನ್ನೂ ಮುಟ್ಟದೆ ಮೂಲೆಯಲ್ಲಿ ನಿಂತುಬಿಟ್ಟಿತು. ಬಾನಿಯಲ್ಲಿದ್ದ ಚಿಕ್ಕದರ ಬಂಗಾರ ಮಾಸಿ, ತೊಳೆದ ಸೀರೆಯ ಹಾಗಾಯಿತು. ಹೆಂಡತಿ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದಳು. ಒಂದು ಅನಾಹುತ ತಪ್ಪಿಸಲು ಹೋಗಿ ಮೂರು ಜೀವದ ಊಟ ನಿಲ್ಲಿಸಿದ್ದೆ. ಹೊಟ್ಟೆಯಲ್ಲಿದ್ದುದನ್ನೂ ಸೇರಿಸಿದರೆ ನಾಲ್ಕು.

"ಒಳ್ಳೇದಕ್ಕೇ ಮಾಡಿದ್ದು ಕಣೆ. ಕಚ್ಚಾಡ್ತಿದ್ವಲ್ಲ" ಎಂದೆ.

"ಕಚ್ಚಾಡಿದ್ದಷ್ಟೇ ನೋಡಿದ್ರಿ ನೀವು. ಕಲ್ಲು ಬಾಯಾಗೆ ಕಚ್ಚಿ ಕಚ್ಚಿ ಹೊತ್ತು ಹಾಕಿ, ಎರಡೂ ಸೇರಿ ಕುಂಡದ ಮುಂದೆ ಗುಂಡಿ ತೋಡ್ತಿದ್ವು. ಜಗಳ ಆಡೋರು ಒಟ್ಟಿಗೆ ಕಲ್ಲು ಹೊರ್ತಾರೇನ್ರಿ?"

"ಹೊರ್ತಾರೆ. ಅಣ್ಣತಮ್ಮಂದಿರು ಪಾಲಾಗೋಕೆ ಮುಂಚೆ."

ಅವಳಿಗೆ ನಗು ಬಂತು, ಆದರೆ ಬಿಟ್ಟುಕೊಡಲಿಲ್ಲ. "ನೀವು ಯಾವತ್ತಾರ ಮಲಗಿ ನೋಡಿದೀರಾ? ನಿಂತು ನೋಡಿದ್ರೆ ಬೆನ್ನು ಕಾಣ್ತೈತೆ. ಮಲಗಿ ನೋಡಿದ್ರೆ ಹೊಟ್ಟೆ ಕಾಣ್ತೈತೆ. ನಿಮ್ಮ ಡಾಕ್ಟ್ರು ಹೇಳಿದ ನಳಿಗೆ ನಾನು ಎರಡಕ್ಕೂ ನೋಡಿದೀನಿ. ತಂದು ಬಿಡ್ರಿ ಅದನ್ನ."

ಡಾಕ್ಟರು ನಳಿಗೆಯ ಮಾತು ಹೇಳಿದ್ದನ್ನು ನಾನೇ ಅವಳಿಗೆ ಹೇಳಿದ್ದೆನಂತೆ. ಹೇಳಿ ಮರೆತವನು ನಾನು, ಕೇಳಿ ನೆನಪಿಟ್ಟುಕೊಂಡು ದಿನವಿಡೀ ಕಾದು ನೋಡಿದವಳು ಅವಳು. ಚಿಕ್ಕದನ್ನು ತೊಟ್ಟಿಗೆ ಬಿಟ್ಟು, ಮಂಚದ ಪಕ್ಕ ಚಾಪೆ ಹಾಸಿ, ಅವಳು ಹೇಳಿದ ಹಾಗೆ ತಲೆ ಓರೆ ಮಾಡಿಕೊಂಡು ಮಲಗಿದೆ. ಎರಡೂ ಒಂದರ ಸುತ್ತ ಇನ್ನೊಂದು ತಿರುಗಿದವು, ಬಾಲದಿಂದ ನೀರು ತಳ್ಳಿದವು. ಆಮೇಲೆ ದೊಡ್ಡದು ನಮಗೆ ಅಡ್ಡಲಾಗಿ ತಿರುಗಿ ನಿಂತಿತು.

"ನೋಡ್ರಿ, ಸೂಜಿ ಮೊನೆ ಹಂಗೈತೆ. ಈಗ ಚಿಕ್ಕದನ್ನ ನೋಡ್ರಿ, ಹುರುಳಿಕಾಯಿ ತೊಟ್ಟಿನಂಗೆ ಮೊಂಡ."

ನನಗೂ ಕಂಡಿತು. ಮೊಂಡು ನಳಿಗೆ ಬಂಗಾರದ ಹೊಟ್ಟೆಯ ಕೆಳಗಿತ್ತು. ಬಣ್ಣದ್ದೇ ಹೆಣ್ಣು. ಅಷ್ಟು ಹೊತ್ತಿಗೆ ಅತ್ತೆ ಬಾಗಿಲಲ್ಲಿ ನಿಂತು, ನೆಲದ ಮೇಲೆ ಬಿದ್ದುಕೊಂಡಿದ್ದ ಅಳಿಯನನ್ನು ನೋಡಿ, "ಇವ್ರಿಗೂ ಬೆಡ್‌ರೆಸ್ಟಾ?" ಎಂದು ಕೇಳಿ ಹೋದರು.

ಕೆಲವು ದಿನಗಳಲ್ಲಿ ಚಿಕ್ಕದು ಕುಂಡದ ಒಳಮೈಗೆ ಸಾಲಾಗಿ ಮೊಟ್ಟೆ ಅಂಟಿಸಿತು. ಬಂಗಾರದ ಬಣ್ಣ ಇಮ್ಮಡಿಯಾಗಿತ್ತು. ಅದು ಮೊಟ್ಟೆಗಳಿಗೆ ರೆಕ್ಕೆಯಿಂದ ಗಾಳಿ ಹಾಕುತ್ತಿದ್ದರೆ ದೊಡ್ಡದು ಹೊರಗೆ ಕಾವಲು. ಹೆಂಡತಿ ಎರಡು ಹೊತ್ತು ಸರಿಯಾಗಿ ಉಂಡಳು. ಅತ್ತೆಗೆ ಮಾತ್ರ ಅರಗಲಿಲ್ಲ. "ಹೈಬ್ರಿಡ್ಡು ಅಂದ್ರೆ ಹಿಂಗೇ. ಹೆಣ್ಣು ಯಾವ್ದು ಗಂಡು ಯಾವ್ದು ಅವಕ್ಕೇ ಗೊತ್ತಿರಾಕಿಲ್ಲ" ಎಂದು ಎಲ್ಲ ತಪ್ಪನ್ನೂ ತಳಿಯ ಮೇಲೆ ಹೊರಿಸಿದರು.

ಒಂದು ಮಧ್ಯಾಹ್ನ ನ್ಯಾಮತಿಯಿಂದ ಮನೆಗೆ ಬಂದರೆ ಮೊಟ್ಟೆಗಳೆಲ್ಲ ಬಿಳಿಚಿಕೊಂಡು ಹತ್ತಿಯಂಥ ಬೂಷ್ಟು ಹಿಡಿದಿದ್ದವು. ಒಂದರಲ್ಲೂ ಜೀವ ಉಳಿದಿರಲಿಲ್ಲ. ನಾನು ಹೆಗಲ ಟವೆಲ್ಲನ್ನು ತೆಗೆದು ತೊಟ್ಟಿಯ ಮುಂಭಾಗಕ್ಕೆ ಇಳಿಬಿಟ್ಟೆ.

"ತೆಗೀರಿ ಅದನ್ನ" ಎಂದಳು.

"ನೀನು ನೋಡಬ್ಯಾಡ."

"ನಾನು ಬೆಳಿಗ್ಗೇನೇ ನೋಡಿದೀನಿ. ನೀವು ಈಗ ನೋಡಿದ್ರಿ. ಹೆದರಿಕೆ ನಿಮಗೆ, ನನಗಲ್ಲ. ತೆಗೀರಿ."

ತೆಗೆದೆ. ಚಿಕ್ಕ ಮೀನು ಬಿಳಿಯ ಮೊಟ್ಟೆಗಳನ್ನು ಒಂದೊಂದಾಗಿ ಕಿತ್ತು ತಿನ್ನುತ್ತಿತ್ತು. ನಾನು ಮುಖ ತಿರುಗಿಸಿದೆ. ಹೆಂಡತಿ ಅದರಿಂದ ಕಣ್ಣು ಕೀಳಲಿಲ್ಲ. ಸಂಜೆಯ ಹೊತ್ತಿಗೆ ಕುಂಡ ಖಾಲಿಯಾಯಿತು. ಆಮೇಲೆ ಎರಡೂ ಸೇರಿ ಆ ಖಾಲಿ ಕುಂಡವನ್ನು ಬಾಯಿಂದ ಉಜ್ಜತೊಡಗಿದವು, ಹಬ್ಬಕ್ಕೆ ಮನೆ ತಿಕ್ಕುವವರ ಹಾಗೆ.

"ನೋಡ್ರಿ" ಎಂದಳು, "ಮತ್ತೆ ಕುಂಡ ತೊಳೀತಾವೆ."

ಅಷ್ಟೇ ಹೇಳಿದ್ದು. ಜಗಳೂರಿನಲ್ಲಿ ಎರಡನೆಯ ಸಲ ಆಸ್ಪತ್ರೆಯಿಂದ ಬಂದ ದಿನ ಅವಳು ಯಾರೊಡನೆಯೂ ಮಾತಾಡದೆ ಅಡಿಗೆಮನೆಯ ಪಾತ್ರೆಯನ್ನೆಲ್ಲ ಹೊರಗೆ ಹಾಕಿಕೊಂಡು ತಿಕ್ಕಿದ್ದಳು. ಅವತ್ತು ಅದು ಯಾಕೆಂದು ನನಗೆ ತಿಳಿದಿರಲಿಲ್ಲ. ಕೇಳಿಯೂ ಇರಲಿಲ್ಲ.

ನಾಲ್ಕನೆಯ ತಿಂಗಳು ಮುಗಿಯಿತೇ, ಇನ್ನೂ ಇದೆಯೇ ಎಂದು ನಾನು ಕ್ಯಾಲೆಂಡರನ್ನು ನೋಡುತ್ತಲೂ ಇದ್ದೆ, ನೋಡಲು ಹೆದರುತ್ತಲೂ ಇದ್ದೆ. ನನ್ನ ಕಸುಬಿನ ಪ್ರಶ್ನೆ ನಾಲಿಗೆಯ ತುದಿಗೆ ಬಂದು ವಾಪಸು ಹೋಗುತ್ತಿತ್ತು. ಒಂದು ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಕುಳಿತು ಸೈಕಲ್ಲಿನ ಪಂಕ್ಚರು ಹಾಕುತ್ತಿದ್ದೆ. ಒಳಗಿನಿಂದ ಹೆಂಡತಿಯ ದನಿ:

"ಏನ್ರೀ... ನಿಂತೈತೆ."

ಟ್ಯೂಬು ಬಿಸಾಡಿ, ಚೊಂಬು ಹಿಡಿದು ಒಳಗೆ ಓಡಿದೆ. ತೊಟ್ಟಿಯಲ್ಲಿ ಗುಳ್ಳೆಗಳು ಗುಳುಗುಳು ಎಂದು ಏಳುತ್ತಿದ್ದವು.

"ಎಲ್ಲೇ? ಪಂಪು ನಡೀತಾ ಐತಲ್ಲ!"

"ಪಂಪಲ್ರಿ" ಎಂದಳು. ಕೈ ಹೊಟ್ಟೆಯ ಮೇಲಿತ್ತು. "ಇದು. ಈಗ ಒದೀತು."

ನಾನು ಚೊಂಬು ಹಿಡಿದುಕೊಂಡೇ ನಿಂತಿದ್ದೆ. ತಾಲ್ಲೂಕಿನ ಎಷ್ಟೋ ಕೊಟ್ಟಿಗೆಗಳಲ್ಲಿ ಆ ಮಾತು ಕೇಳಿ ಚಹಾ ಕುಡಿದವನಿಗೆ ಮನೆಯಲ್ಲಿ ಕೇಳಿದಾಗ ಏನು ಮಾಡಬೇಕೆಂದು ತಿಳಿಯಲಿಲ್ಲ. ಬಂದದ್ದು ಬಂದೆ ಎಂದು ತೊಟ್ಟಿಯ ನೀರು ಮೊಗೆದು ಮೊಗೆದು ತೊಟ್ಟಿಗೇ ಸುರಿದೆ. ಅತ್ತೆ ಇಣುಕಿ ನೋಡಿ, "ಕರೆಂಟು ಐತಲ್ಲ, ಯಾಕ್ರಿ ಸುರೀತೀರಿ?" ಎಂದರು. ಹೆಂಡತಿ ದಿಂಬಿಗೆ ಮುಖ ಒತ್ತಿಕೊಂಡು ನಗುತ್ತಿದ್ದಳು. ಅಳುತ್ತಲೂ ಇದ್ದಳೇನೋ, ನನಗೆ ಸರಿಯಾಗಿ ನೋಡಲಾಗಲಿಲ್ಲ, ನನ್ನ ಕನ್ನಡಕಕ್ಕೆ ನೀರು ಸಿಡಿದಿತ್ತು.

ದಿನ ತುಂಬಿ ಹೊನ್ನಾಳಿ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು. ಆ ವೇಳೆಗೆ ಮೀನುಗಳು ಮೂರನೆಯ ಸಲ ಮೊಟ್ಟೆ ಇಟ್ಟಿದ್ದವು, ನಮಗೆ ನೋಡಲು ಪುರಸೊತ್ತಿರಲಿಲ್ಲ. ಮಗುವನ್ನು ನೋಡಲು ಮನೆಯಿಂದ ಬಂದ ಅತ್ತೆಯ ಬೆರಳಿಗೆ ಬಟ್ಟೆ ಸುತ್ತಿತ್ತು.

"ತೊಟ್ಟಿಗೆ ಹುಳ ಬಿದ್ದಾವ್ರಿ. ಕುಂಡದ ಗುಂಡಿ ತುಂಬಾ ಮಿಜಿಮಿಜಿ ಅಂತಾವೆ. ನೀರು ಚೆಲ್ಲಿ ತೊಳೆಯಾಣ ಅಂತ ಕೈ ಹಾಕಿದೆ, ನಿಮ್ಮ ಹಿಣಿಲ ಮೀನು ಬಂದು ಕಚ್ಚಿಬಿಡ್ತು! ಅದರ ಬಾಯಿಗೆ ಬೆಂಕಿ ಬೀಳ!"

ಮಂಚದ ಮೇಲಿದ್ದವಳು ಎದ್ದು ಕುಳಿತೇಬಿಟ್ಟಳು. "ಅಯ್ಯೋ ಅವ್ವ! ಅದು ಹುಳ ಅಲ್ಲ, ಮರಿ! ಚೆಲ್ಲಿಲ್ಲ ತಾನೆ?"

"ಎಲ್ಲಿ ಚೆಲ್ಲಾಕೆ ಬಿಡ್ತು?" ಎಂದು ಅತ್ತೆ ಬೆರಳು ತೋರಿಸಿದರು. ಆಮೇಲೆ ಮೊಮ್ಮಗಳನ್ನು ಎತ್ತಿಕೊಂಡು, ಬೆಳಕಿನ ಕಡೆಗೆ ತಿರುಗಿಸಿ, ಬಹಳ ಹೊತ್ತು ನೋಡಿ, "ಬಣ್ಣ ಚಲೋ ಐತೆ. ಬಣ್ಣ ಇರಾದು ಹೆಣ್ಣಿಗೇ ಬಿಡ್ರಿ" ಎಂದರು. ಅದಕ್ಕಿಂತ ದೊಡ್ಡ ರಾಜಿಯನ್ನು ಅವರ ಬಾಯಲ್ಲಿ ನಾನು ಕೇಳಿಲ್ಲ.

ಮರಿಗಳಲ್ಲಿ ಒಂದು ಹಿಡಿಯಷ್ಟು ಬದುಕಿದವು. ಒಂದು ಇದ್ದ ಹಾಗೆ ಇನ್ನೊಂದಿಲ್ಲ. ಒಂದಕ್ಕೆ ಪಟ್ಟೆ ಅರ್ಧಕ್ಕೇ ನಿಂತಿತ್ತು, ಒಂದಕ್ಕೆ ಹಣೆ ಉಬ್ಬಿಯೂ ಹೊಟ್ಟೆ ಬಂಗಾರ. ಮಗು ನೋಡಲು ಬಂದವರೆಲ್ಲ ಅವನ್ನೂ ನೋಡಿ, ಗಂಡೋ ಹೆಣ್ಣೋ ಎಂದು ನನ್ನನ್ನು ಕೇಳುತ್ತಿದ್ದರು. ಸಾಸ್ವೆಹಳ್ಳಿಯ ರೈತರೂ ಬಂದರು, ಒಂದು ಚೊಂಬು ಗಿಣ್ಣದ ಹಾಲು ತಂದರು. ನಾನು ಅವರಿಗೆ ಚಾಪೆ ಹಾಸಿ, "ಮಲಗಿ ನೋಡ್ರಿ" ಎಂದೆ. ಪಾಪ, ಪಂಚೆ ಸರಿಮಾಡಿಕೊಂಡು ಮಲಗಿಯೇ ನೋಡಿದರು.

ಚನ್ನಗಿರಿಯಿಂದ ಹೋದ ಡಾಕ್ಟರು ಆಮೇಲೆ ಒಮ್ಮೆ ಮನೆಗೆ ಬಂದಾಗ ಹೆಂಡತಿ ಮಗುವನ್ನು ಅವರ ತೊಡೆಯ ಮೇಲೆ ಮಲಗಿಸಿದಳು. ಅವರು ಮಗುವಿಗಿಂತ ಹೆಚ್ಚಾಗಿ ತೊಟ್ಟಿಯನ್ನು ನೋಡಿದರು. ಒಂಟಿ ಜೀವ, ಮಗುವನ್ನು ಹೇಗೆ ಹಿಡಿಯಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಅವರ ಉಪಕಾರಕ್ಕೆ ಏನು ಹೇಳಬೇಕೆಂದು ನನಗೂ ಗೊತ್ತಾಗಲಿಲ್ಲ. ಚಹಾ ಕುಡಿಸಿದೆ.

ಈಗ ಐವತ್ತರ ಹತ್ತಿರ ಬಂದಿದ್ದೇನೆ. ಚಿಂತೆ ಮಾಡುವುದನ್ನು ಬಿಟ್ಟಿಲ್ಲ. ಮಗಳು ಕಾಲೇಜಿನಿಂದ ಬರುವುದು ತಡವಾದರೆ ಬಸ್‌ಸ್ಟ್ಯಾಂಡಿಗೆ ಹೋಗಿ ನಿಲ್ಲುತ್ತೇನೆ, ಅವಳು ಬಂದು ಬೈಯುತ್ತಾಳೆ. ಆದರೆ ಒಂದು ಮಾತಿನ ಮಟ್ಟಿಗೆ ನನ್ನ ಕಿವಿ ಕೆಟ್ಟಿದೆ. ಗಡಿಯಾರ ನಿಂತೈತೆ ಎನ್ನಲಿ, ಮೋಟರು ನಿಂತೈತೆ ಎನ್ನಲಿ, ಬಸ್ಸು ದಾರಿಯಲ್ಲಿ ಕೆಟ್ಟು ನಿಂತೈತೆ ಎನ್ನಲಿ, ಎಲ್ಲರೂ ಹುಬ್ಬು ಗಂಟು ಹಾಕಿಕೊಂಡರೆ ನನಗೆ ಮಾತ್ರ ಮೊದಲ ಗಳಿಗೆಗೆ ಸಂತೋಷವೇ ಆಗುತ್ತದೆ. ಚಿಂತೆ ಆಮೇಲೆ ಬರುತ್ತದೆ.